ದುಡ್ಡು ಕೊಟ್ಟು ಮರ ನೋಡಿದ ಬೆಳಿಗ್ಗೆ

ಲಾಲ್‌ಬಾಗಿನ ಮರಗಳನ್ನು ಗೈಡ್ ಜೊತೆ ನೋಡುವ ಈ ನಡಿಗೆಗೆ ದುಡ್ಡು ಕಟ್ಟಿ ಹೆಸರು ನೋಂದಾಯಿಸಿದ್ದು ನನ್ನ ಹೆಂಡತಿ. ಹಿಂದಿನ ರಾತ್ರಿ ಅವಳಿಗೆ ಆಫೀಸ್ ಕೆಲಸ ಬಿತ್ತು. ಕಟ್ಟಿದ ದುಡ್ಡು ವಾಪಸ್ ಬರಲ್ಲ. ಮದುವೆಗೆಂದು ಸಾಗರದಿಂದ ಬಂದು ನಮ್ಮ ಮನೆಯಲ್ಲೇ ಉಳಿದಿದ್ದ ಚಿಕ್ಕಪ್ಪನನ್ನು ಹೊರಡಿಸಿದೆ. ಅವರದು ಅಡಿಕೆ ತೋಟ. ಹುಟ್ಟಿದಾಗಿನಿಂದ ಮರಗಳ ನಡುವೆಯೇ ಬದುಕಿದವರು. "ದುಡ್ಡು ಕೊಟ್ಟು ಮರ ನೋಡೋದಾ ಮಾರಾಯ? ನಮ್ಮನೆ ಹಿತ್ತಲಿಗೆ ಬಾ, ಪುಕ್ಕಟೆ ತೋರಿಸ್ತೇನೆ" ಅಂದರು. ಆದರೂ ಆರು ಗಂಟೆಗೇ ಸ್ನಾನ ಮುಗಿಸಿ, ಪಂಚೆ ಉಟ್ಟು, ಅದರ ಕೆಳಗೆ ಮಗ ಕೊಡಿಸಿದ ಬಿಳಿ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಬೆಂಗಳೂರಲ್ಲಿ ಇಂಥ ನಡಿಗೆಗಳನ್ನು ಬೇರೆ ಬೇರೆ ಗುಂಪುಗಳು ನಡೆಸುತ್ತವೆ. ಕ್ರಮ ಹೆಚ್ಚುಕಮ್ಮಿ ಒಂದೇ. ಮೊದಲೇ ಹೆಸರು ನೋಂದಾಯಿಸಬೇಕು. ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಹೇಳಿದ ಗೇಟಿನ ಹತ್ತಿರ ಇರಬೇಕು. ಎರಡೂವರೆ ಮೂರು ಗಂಟೆ ನಡಿಗೆ, ಆಮೇಲೆ ತಿಂಡಿ. ನಮ್ಮನ್ನು ಲಾಲ್‌ಬಾಗಿನ ಡಬಲ್ ರೋಡ್ ಗೇಟಿಗೆ ಬರಹೇಳಿದ್ದರು. ಇಪ್ಪತ್ತೈದು ಜನ ಸೇರಿದ್ದರು. ಹತ್ತು ಹದಿನೈದು ಜನ ಇದ್ದಿದ್ದರೆ ಚೆನ್ನಾಗಿತ್ತು. ಹಿಂದೆ ನಿಂತವರಿಗೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ.

ನಮ್ಮ ಗೈಡ್ ಸಸ್ಯಶಾಸ್ತ್ರ ಓದಿದ ಹುಡುಗಿ. ಹೆಗಲಿಗೆ ಬಟ್ಟೆ ಚೀಲ. ಅದರಲ್ಲಿ ಭೂತಗನ್ನಡಿ, ಸಣ್ಣ ಚಾಕು, ಹಳೇ ಫೋಟೋಗಳ ಒಂದು ಫೈಲು. ಶುರುವಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈ ಎತ್ತಿ, "ತಂಗೀ, ಕನ್ನಡದಲ್ಲೂ ಒಂದು ಮಾತು ಹೇಳಿದ್ರೆ ಆಗಲ್ವಾ?" ಅಂದರು. ಆಕೆಗೆ ಖುಷಿಯೇ ಆಯಿತು. "ಆಗತ್ತೆ ಅಂಕಲ್, ಯಾರೂ ಕೇಳೋದೇ ಇಲ್ಲ" ಅಂದರು. ಆಮೇಲೆ ಎರಡೂ ಭಾಷೆಯಲ್ಲಿ ನಡೆಯಿತು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಹಾಗೆ ಬರುತ್ತಿದ್ದ ಮಾತು ಕನ್ನಡಕ್ಕೆ ಬಂದಾಗ ಬಿಚ್ಚಿಕೊಳ್ಳುತ್ತಿತ್ತು. ಒಳ್ಳೊಳ್ಳೆ ವಿಷಯ ಎಲ್ಲ ಕನ್ನಡದ ಪಾಲಿಗೇ ಬಂತು.

ಮೊದಲು ಹತ್ತಿಸಿದ್ದು ಬಂಡೆಗೆ. ಕಡಲೆಕಾಯಿ ತಿನ್ನುತ್ತಾ ಸಂಜೆ ಕೂರುವ ಅದೇ ಬಂಡೆ. ಮೇಲೆ ಕೆಂಪೇಗೌಡ ಗೋಪುರ ಇದೆ. ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ಸರ್ಕಲ್ ಹತ್ತಿರ ಇರುವ ಗೋಪುರಗಳ ಜೊತೆಯದು ಇದು. ಊರು ಎಲ್ಲಿವರೆಗೆ ಬೆಳೆಯಬಹುದು ಎಂದು ಗುರುತು ಮಾಡಿ ಕಟ್ಟಿಸಿದ್ದು ಅನ್ನುವ ಮಾತಿದೆ. ಊರು ಆ ಮಾತು ಕೇಳಲಿಲ್ಲ ಬಿಡಿ. ಎಲ್ಲರೂ ಗೋಪುರದ ಮುಂದೆ ಸೆಲ್ಫಿಗೆ ನಿಂತರು. ಗೈಡ್ ಮಾತ್ರ ಬೆನ್ನು ತಿರುಗಿಸಿ ಬಂಡೆ ಮೇಲೆ ಕುಕ್ಕರಗಾಲಲ್ಲಿ ಕೂತರು. ಬಾಟಲಿಯಿಂದ ಒಂದಷ್ಟು ನೀರು ಸುರಿದರು.

ಒಣಗಿದ್ದಾಗ ಬರೀ ಬೂದು ಬಣ್ಣ. ನೀರು ಬಿದ್ದ ಕಡೆ ಪಟ್ಟೆಗಳು ಎದ್ದವು. ಒಂದು ಎಳೆ ಬೆಳ್ಳಗೆ, ಒಂದು ಎಳೆ ಕಪ್ಪಗೆ. ಕೆಲವು ನೇರ ಹೋಗುತ್ತವೆ, ಕೆಲವು ಸೊಟ್ಟಗೆ ಮಡಚಿಕೊಂಡು ಬರುತ್ತವೆ. ಬಿಳಿಯದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಕಪ್ಪಿನಲ್ಲಿ ಅಭ್ರಕದ ಜಾತಿಯದು ಜಾಸ್ತಿ. ಬೆರಳಿಟ್ಟು ನೋಡಿದರೆ ಬಿಳಿ ಎಳೆ ಒರಟು, ಒಂದು ಕೂದಲಷ್ಟು ಮೇಲೆ ಎದ್ದಿರುತ್ತದೆ. ನೆಲದ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆದುವಾಗಿ, ಹಿಂಡಿಸಿಕೊಂಡು ಹೀಗೆ ಪದರ ಪದರವಾಯಿತಂತೆ. ವಯಸ್ಸು ಸುಮಾರು 300 ಕೋಟಿ ವರ್ಷ. ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. ಆ ಹೆಸರಿಟ್ಟವರು ಡಬ್ಲ್ಯು.ಎಫ್. ಸ್ಮೀತ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಇದ್ದವರು. ಕರ್ನಾಟಕದ ಬಹುಭಾಗಕ್ಕೆ ಇದೇ ಅಡಿಪಾಯ. ಹಾಗಾಗಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿ ಫಲಕ ಹಾಕಿದ್ದಾರೆ.

"ನಮ್ಮ ಕಡೆ ಅಗೆದರೆ ಜಂಬಿಟ್ಟಿಗೆ ಸಿಗೋದು" ಅಂದರು ಚಿಕ್ಕಪ್ಪ.

"ಅದರ ಕೆಳಗೂ ಇಂಥ ಹಳೇ ಕಲ್ಲೇ ಇರತ್ತೆ ಅಂಕಲ್. ಮಳೆ ಬಿಸಿಲಿಗೆ ಮೇಲಿನ ಕಲ್ಲು ಕೊಳೆತು ಜಂಬಿಟ್ಟಿಗೆ ಆಗಿದ್ದು."

ಅವರಿಗೆ ಈ ಉತ್ತರ ಹಿಡಿಸಿತು. ಅಲ್ಲಿಂದ ಮುಂದಕ್ಕೆ ಅವರು ಗುಂಪಿನ ಮುಂದಿನ ಸಾಲಿಗೆ ಹೋಗಿಬಿಟ್ಟರು. ನಾನು ಹಿಂದೆಯೇ ಉಳಿದೆ.

ಇತಿಹಾಸದ ಭಾಗ ಬೇಗ ಮುಗಿಯಿತು, ಮುಗಿಯಬೇಕಾದ್ದೇ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ್ದು. ಶಿರಾದಲ್ಲಿದ್ದ ಮೊಗಲರ ಕಾಲದ ತೋಟ ಅವನಿಗೆ ಮಾದರಿ ಎನ್ನುತ್ತಾರೆ. ಟಿಪ್ಪು ಕಾಬೂಲ್, ಪರ್ಷಿಯಾ, ಮಾರಿಷಸ್ ಅಂತ ದೂರದೂರಿಂದ ಗಿಡ ತರಿಸಿದ. 1799ರ ನಂತರ ಕಂಪನಿಯವರ ಕೈಗೆ ಬಂತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಆಮೇಲೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು ಒಬ್ಬರಾದ ಮೇಲೆ ಒಬ್ಬರು ಬಂದು ನೋಡಿಕೊಂಡರು. ಈಗ 240 ಎಕರೆ. ರಾಜರ ಹೆಸರು, ಸಾಹೇಬರ ಹೆಸರು ಇಷ್ಟು ಬಂದಾಗ ಗುಂಪಿನಲ್ಲಿದ್ದ ಒಬ್ಬ ಹೆಂಗಸು, "ಗಿಡಕ್ಕೆ ನೀರು ಹಾಕಿದವರು ಯಾರು?" ಎಂದು ಕೇಳಿದರು. ಬೆಳಗಿನ ಒಳ್ಳೇ ಪ್ರಶ್ನೆಗಳಲ್ಲಿ ಅದೊಂದು. ಈ ತೋಟದ ಕೆಲಸದಲ್ಲಿ ತಿಗಳರ ಕೈ ದೊಡ್ಡದು ಅಂದರು ಗೈಡ್. ಊರ ಕರಗ ಹೊರುವ ಸಮುದಾಯ ಅವರದ್ದೇ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿ ಇವತ್ತಿಗೂ ನರ್ಸರಿಗಳು ಸಾಲಾಗಿವೆ. ಈ ವಿಷಯಕ್ಕೆ ಇನ್ನೂ ಹತ್ತು ನಿಮಿಷ ಕೊಡಬಹುದಿತ್ತು. ಗೈಡ್ ಫೈಲಿನಲ್ಲಿ ಆಗ ಲಾಲ್‌ಬಾಗ್ ನೋಡಿಕೊಂಡಿದ್ದ ಕ್ಯಾಮರಾನ್ ಸಾಹೇಬರ ಫೋಟೋ ಇತ್ತು, ತಿಗಳ ಮಾಲಿಗಳದ್ದು ಒಂದೂ ಇರಲಿಲ್ಲ.

ಗಾಜಿನ ಮನೆ ಎಲ್ಲರಿಗೂ ಗೊತ್ತಿರುವುದೇ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಕಬ್ಬಿಣದ ಕಂಬಗಳು ಗ್ಲಾಸ್ಗೋದ ಸಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದು ಹಡಗಿನಲ್ಲಿ ಬಂದವು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಪ್ರೇರಣೆ. ಚಂದದ ಕಟ್ಟಡ, ಅನುಮಾನವೇ ಇಲ್ಲ. ಆದರೆ ನನಗೆ ಅದನ್ನು ಕಟ್ಟಿಸಿದ ಜಾನ್ ಕ್ಯಾಮರಾನ್ ಮಾಡಿದ ಇನ್ನೊಂದು ಕೆಲಸವೇ ಹೆಚ್ಚು ರುಚಿಸಿತು. ನಾವು ಪಲ್ಯ, ಸಾಗು, ಕೂಟಿಗೆ ಹಾಕುವ ಸೀಮೆ ಬದನೆ ಇದೆಯಲ್ಲ, ಅದನ್ನು ಇಲ್ಲಿ ತಂದು ಬೆಳೆಸಿ ಸುತ್ತ ಹಬ್ಬಿಸಿದ್ದು ಆತನ ಕಾಲದಲ್ಲೇ. ಮೂಲ ಮೆಕ್ಸಿಕೋ ಕಡೆಯದು.

ಇದನ್ನು ಕೇಳಿ ಚಿಕ್ಕಪ್ಪ ಎಲ್ಲರಿಗೂ ಪಾಠ ಶುರು ಮಾಡಿದರು. "ಅದರ ಬೀಜ ಬಿಡಿಸಿ ನೆಡೋಕ್ಕಾಗಲ್ಲ. ಇಡೀ ಕಾಯೇ ನೆಡಬೇಕು. ಬುಟ್ಟಿಯಲ್ಲಿ ಮರೆತುಬಿಟ್ಟರೆ ಕಾಯಿ ಒಳಗೇ ಮೊಳಕೆ ಬಂದು ಬಾಯಿ ಬಿಟ್ಕೊಂಡು ಹೊರಗೆ ಇಣುಕತ್ತೆ." ಗೈಡ್ ನಕ್ಕು, ನನ್ನ ಕೆಲಸ ನೀವೇ ಮಾಡಿ ಅಂದರು. ಸೀಮೆ ಬದನೆಗೆ ಒಳಗೆ ಒಂದೇ ಬೀಜ, ಕಾಯಿ ಬಳ್ಳಿಯಲ್ಲಿ ಇರುವಾಗಲೇ ಅದು ಮೊಳೆಯುವುದೂ ಉಂಟು, ಹಡಗಿನಲ್ಲಿ ಅಷ್ಟು ದೂರ ತರುವುದು ಎಷ್ಟು ಕಷ್ಟ ಇದ್ದಿರಬೇಕು ನೋಡಿ ಎಂದು ಮುಂದುವರಿಸಿದರು.

ನನಗೆ ಲಾಲ್‌ಬಾಗ್ ಬೇರೆ ಥರ ಕಾಣಲು ಶುರುವಾಗಿದ್ದು ಈ ಮಾತಿನಿಂದ. ನಾವು ಇದನ್ನು ಪಾರ್ಕ್ ಅನ್ನುತ್ತೇವೆ. ವಾಕಿಂಗಿಗೆ, ಫೋಟೋಗೆ, ಫ್ಲವರ್ ಶೋಗೆ ಬರುತ್ತೇವೆ. ನೂರಾರು ವರ್ಷ ಇದು ಮಾಡಿದ್ದು ಬೇರೆ ಕೆಲಸ. ಎಲ್ಲೆಲ್ಲಿಂದಲೋ ಗಿಡ ತರಿಸುವುದು, ನಮ್ಮ ಮಣ್ಣಿಗೆ ಹೊಂದುತ್ತದಾ ನೋಡುವುದು, ಹೊಂದಿದರೆ ಸಸಿ ಮಾಡಿ ಹಂಚುವುದು. ಹೊಂದದ್ದು ಸತ್ತಿತು, ಅದರ ಲೆಕ್ಕ ಯಾರೂ ಹೇಳುವುದಿಲ್ಲ. ಹೊಂದಿದ್ದು ನಮ್ಮ ಅಡುಗೆಮನೆಗೆ, ರಸ್ತೆಬದಿಗೆ, ದೇವಸ್ಥಾನಕ್ಕೆ ಹೋಗಿ ಸೇರಿತು. ಚಿಕ್ಕಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯಿತು, ಯಾಕೆಂದರೆ ಅವರು ಜೀವನಪೂರ್ತಿ ಅದೇ ಕೆಲಸ ಮಾಡಿದವರು. ಇಪ್ಪತ್ತು ವರ್ಷದ ಹಿಂದೆ ವೆನಿಲಾಗೆ ಬಂಗಾರದ ಬೆಲೆ ಬಂದಾಗ ಮಲೆನಾಡಿನ ಎಷ್ಟೋ ಮನೆಗಳ ಹಾಗೆ ಇವರೂ ನೆಟ್ಟಿದ್ದರು. ಬೆಳಗಾಗೆದ್ದು ಚಿಕ್ಕಮ್ಮ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರು. ಅದರ ಊರಲ್ಲಿ ಆ ಕೆಲಸ ಮಾಡುವ ಜೇನ್ನೊಣ ನಮ್ಮಲ್ಲಿ ಇಲ್ಲವಲ್ಲ. ಆಮೇಲೆ ಬೆಲೆ ನೆಲ ಕಚ್ಚಿತು. "ನಮ್ಮ ಪ್ರಯೋಗ ನಮ್ಮ ಖರ್ಚಲ್ಲೇ ಆಯ್ತು" ಅಂದರು ಅವತ್ತು, ಬೇಸರವಿಲ್ಲದೆ.

ನಾಗಲಿಂಗದ ಮರದ ಹತ್ತಿರ ಬಂದಾಗ ಚಪ್ಪಲಿ ಬಿಡುವವರ ಹಾಗೆ ಕೆಲವರು ತಗ್ಗಿ ನಿಂತರು. ಹೂವು ಕೊಂಬೆ ತುದಿಯಲ್ಲಿ ಇರುವುದಿಲ್ಲ. ಕಾಂಡದಿಂದಲೇ ಬಳ್ಳಿಯಂಥ ಕಡ್ಡಿಗಳು ಹೊರಟು ಅದರಲ್ಲಿ ಅರಳುತ್ತವೆ. ಬಿದ್ದ ಒಂದು ಹೂವನ್ನು ಗೈಡ್ ಅಂಗೈ ಮೇಲೆ ಇಟ್ಟುಕೊಂಡರು. ದಪ್ಪ ಗುಲಾಬಿ ದಳ. ನಡುವೆ ಬಿಳಿ ಉಂಗುರದ ಸುತ್ತ ಸಣ್ಣ ಕೇಸರಗಳು. ಒಂದು ಬದಿಯಿಂದ ಎದ್ದು ಹೆಡೆ ಬಗ್ಗಿದಂತೆ ಇರುವ ಇನ್ನೊಂದು ಗುಂಪು. ಹೆಡೆಯಲ್ಲಿರುವ ಪರಾಗ ಬರೀ ಜೇನ್ನೊಣ ತಿನ್ನಲಿಕ್ಕೆ. ಅದರಿಂದ ಬೀಜ ಆಗುವುದಿಲ್ಲ. ಕೆಲಸಕ್ಕೆ ಬರುವ ಪರಾಗ ಉಂಗುರದಲ್ಲಿದೆ. ಮೇವಿಗೆಂದು ನುಗ್ಗಿದ ನೊಣದ ಬೆನ್ನಿಗೆ ಅದು ಮೆತ್ತಿಕೊಳ್ಳುತ್ತದೆ. ಈ ಮರದ ತವರು ದಕ್ಷಿಣ ಅಮೆರಿಕ ಎಂದಾಗ ಗುಂಪಿನಲ್ಲಿ ಗುಸುಗುಸು ಎದ್ದಿತು. ಶಿವನ ತಲೆ ಮೇಲೆ ಇಡುವ ಹೂವು ಹೊರಗಿನದಾ? ಒಬ್ಬರು ಒಪ್ಪಲೇ ಇಲ್ಲ. ಹಾಗಾದರೆ ಪುಳಿಯೋಗರೆಗೆ ಹಾಕುವ ಒಣಮೆಣಸಿನಕಾಯಿ ಎಲ್ಲಿಯದು ಎಂದು ಇನ್ನೊಬ್ಬರು ಕೇಳಿದರು. ಅದೂ ಅಮೆರಿಕ ಖಂಡದ್ದೇ ತಾನೆ.

ಅಲ್ಲಿಂದ ಬಿಳಿ ಬೂರುಗದ ಮರ. ಆಳೆತ್ತರದ ಹಲಗೆ ಬೇರುಗಳು ನೆಲದ ಮೇಲೆ ಗೋಡೆಯಂತೆ ಹರಡಿವೆ. ಲಾಲ್‌ಬಾಗಿಗೆ ಬಂದವರೆಲ್ಲ ನೋಡಿರುತ್ತಾರೆ. 2 ಕೋಟಿ ವರ್ಷದ ಹಳೇ ಮರ ಕಲ್ಲಾಗಿದ್ದು, ತಮಿಳುನಾಡಿನ ತಿರುವಕ್ಕರೈನಿಂದ ತಂದದ್ದು, ಅದನ್ನೂ ಮುಟ್ಟಿ ಬಂದೆವು. ಕೆರೆಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ಹಕ್ಕಿ ನೋಡುವವರಿಗೆ ಬೇರೆ ನಡಿಗೆಯೇ ಇದೆಯಂತೆ, ಇದರಲ್ಲಿ ಅದಕ್ಕೆ ಹೊತ್ತು ಸಾಲಲಿಲ್ಲ. ಕುಟ್ರು ಹಕ್ಕಿ ಮಾತ್ರ ಎಲೆ ಮರೆಯಿಂದ ಇಡೀ ಬೆಳಿಗ್ಗೆ ಕೂಗುತ್ತಲೇ ಇತ್ತು.

ಜನ ಕ್ರಿಸ್‌ಮಸ್ ಮರ ಅನ್ನುವ ಎತ್ತರದ ಅರಕೇರಿಯಾ ಹತ್ತಿರ ಒಂದು ಆಟ ಆಡಿಸಿದರು. ಮರ ಯಾವ ಕಡೆ ವಾಲಿದೆ ಹೇಳಿ ಅಂದರು. ಮೊದಲು ನೆಟ್ಟಗೇ ಕಂಡಿತು. ಸ್ವಲ್ಪ ದೂರ ಹೋಗಿ ನಿಂತಾಗ ವಾಲಿದ್ದು ತಿಳಿಯಿತು. ಒಬ್ಬ ಹುಡುಗ ಮೊಬೈಲಿನ ದಿಕ್ಸೂಚಿ ತೆಗೆದು ನೋಡಿದ. ದಕ್ಷಿಣ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಮರ ಎಲ್ಲಿ ನೆಟ್ಟರೂ ಹೆಚ್ಚಾಗಿ ಭೂಮಧ್ಯರೇಖೆಯ ಕಡೆಗೇ ವಾಲುತ್ತದೆ. ಆಸ್ಟ್ರೇಲಿಯಾದಲ್ಲಿ ನೆಟ್ಟರೆ ಉತ್ತರಕ್ಕೆ, ನಮ್ಮಲ್ಲಿ ದಕ್ಷಿಣಕ್ಕೆ. ಬೇರೆ ಬೇರೆ ದೇಶಗಳಲ್ಲಿ ಅಳೆದು ನೋಡಿದ್ದಾರೆ. ಚಿಕ್ಕಪ್ಪ ಎರಡು ಕೈ ಹಿಂದೆ ಕಟ್ಟಿಕೊಂಡು ಮರವನ್ನು ಒಂದು ಸುತ್ತು ಹಾಕಿ ಬಂದರು. "ತೆಂಗು ಬಿಸಿಲಿಗೆ ವಾಲತ್ತೆ, ಗೊತ್ತು. ಇದು ಇಷ್ಟು ಬಯಲಲ್ಲಿ ಯಾಕೆ ವಾಲಬೇಕು?" ಗೈಡ್ ಹತ್ತಿರವೂ ಪೂರ್ತಿ ಉತ್ತರ ಇರಲಿಲ್ಲ, ಇಲ್ಲ ಎಂದೇ ಹೇಳಿದರು. ಅದು ನನಗೆ ಇಷ್ಟವಾಯಿತು.

ನಡಿಗೆಯ ಅಸಲಿ ರುಚಿ ಇದ್ದದ್ದು ಒಂದು ಅತ್ತಿ ಮರದ ಬುಡದಲ್ಲಿ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಹಣ್ಣು. ಕೆಳಗೆ ಬಿದ್ದು ಕೊಳೆತ ಹುಳಿ ವಾಸನೆ. ಗೈಡ್ ಹಸಿರು ತಿರುಗಿ ಕೆಂಪಾಗುತ್ತಿದ್ದ ಒಂದನ್ನು ಆರಿಸಿ ಚಾಕುವಿನಿಂದ ಎರಡು ಹೋಳು ಮಾಡಿದರು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಒಳಗೆ ಸಾವಿರಾರು ಸಣ್ಣ ಹೂವು, ಎಲ್ಲ ನಡುವಿನ ಟೊಳ್ಳಿನ ಕಡೆ ಮುಖ ಮಾಡಿವೆ. ಅಂಗಿಯನ್ನು ಒಳಮೈ ಹೊರಮೈ ಮಾಡಿದ ಹಾಗೆ. ನಾವು ಹಣ್ಣು ಅನ್ನುವುದೇ ಹೂವಿನ ಗುಂಪು. ಕಸಕ್ಕಿಂತ ಚಿಕ್ಕದಾದ ಕಪ್ಪು ಕಣಜಗಳು ಅದರಲ್ಲಿ ಹರಿದಾಡುತ್ತಿದ್ದವು. ಒಂದು ನನ್ನ ಬೆರಳಿಗೆ ಹತ್ತಿತು. ಕಣ್ಣಿಗೆ ಕಂಡಿತು ಅಷ್ಟೇ, ಚರ್ಮಕ್ಕೆ ಗೊತ್ತೇ ಆಗಲಿಲ್ಲ.

ಹೆಣ್ಣು ಕಣಜ ತುದಿಯ ಸಣ್ಣ ತೂತಿನಿಂದ ಒಳಗೆ ತೂರುತ್ತದೆ. ತೂತು ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಕಿತ್ತುಹೋಗುತ್ತವೆ. ತಾನು ಹುಟ್ಟಿದ ಹಣ್ಣಿನಿಂದ ತಂದ ಪರಾಗವನ್ನು ಈ ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡು ಮೊದಲು ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣನ್ನು ಕೂಡಿ, ಹೊರಹೋಗಲು ಸುರಂಗ ಕೊರೆದುಕೊಟ್ಟು ಅವೂ ಮುಗಿಯುತ್ತವೆ. ಹೆಣ್ಣು ಪರಾಗ ಹೊತ್ತು ಆ ದಾರಿಯಲ್ಲಿ ಹಾರಿಹೋಗುತ್ತವೆ. ಅತ್ತಿಗೆ ಒಂದು ಜಾತಿ, ಆಲಕ್ಕೆ ಇನ್ನೊಂದು, ಅರಳಿಗೆ ಮತ್ತೊಂದು.

"ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಮ್ಮಲ್ಲಿ ಬೈಯ್ಯೋದು" ಅಂದರು ಚಿಕ್ಕಪ್ಪ. "ಹುಳ ಇಲ್ಲದಿದ್ರೆ ಮರಕ್ಕೆ ಸಂತಾನವೇ ಇಲ್ಲ ಅಂತಾಯ್ತಲ್ಲ."

ಗೈಡ್ ಇದನ್ನು ಪುಸ್ತಕದಲ್ಲಿ ಬರೆದುಕೊಂಡರು. ಹೊರಗಿನಿಂದ ತಂದ ಅತ್ತಿ ಜಾತಿಯ ಮರಕ್ಕೆ ಅದರ ಕಣಜ ಜೊತೆಗೆ ಬರದಿದ್ದರೆ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟು ಬೆಳೆಸಬೇಕು ಎಂದೂ ಹೇಳಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, "ವೆನಿಲಾ" ಅಂದರು.

ಕೊನೆಯ ಭಾಗ ಕ್ರುಂಬಿಗಲ್ ಬಗ್ಗೆ. ಜರ್ಮನಿಯವರು. ಲಂಡನ್ನಿನ ಅದೇ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ಬಳಿ ಇದ್ದು, 1908ರಲ್ಲಿ ಇಲ್ಲಿಗೆ ಬಂದರು. 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು. ತೀರಿಕೊಂಡದ್ದೂ ಬೆಂಗಳೂರಲ್ಲೇ, 1956ರಲ್ಲಿ. ಒಂದು ಮರ ಹೂ ಬಿಟ್ಟು ಮುಗಿಸುವಾಗ ಇನ್ನೊಂದು ಶುರು ಮಾಡಬೇಕು, ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಬಣ್ಣ ಇರಬೇಕು ಎಂದು ಲೆಕ್ಕ ಹಾಕಿ ರಸ್ತೆಬದಿಗೆ ಮರ ಆರಿಸಿದವರು. ಆಮೇಲೆ ಬಂದವರು ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ. ಮರಿಗೌಡರ ಹೆಸರು ಬಂದಾಗ ಚಿಕ್ಕಪ್ಪ ನೆಟ್ಟಗಾದರು. ರಾಜ್ಯದ ತುಂಬ ತೋಟಗಾರಿಕೆ ಫಾರ್ಮು, ನರ್ಸರಿ ಮಾಡಿಸಿ ರೈತರಿಗೆ ಕಸಿ ಗಿಡ ಸಿಗುವ ಹಾಗೆ ಮಾಡಿದವರು ಅವರು. ನಮ್ಮ ಅಜ್ಜ ಅಂಥ ಒಂದು ಫಾರ್ಮಿನಿಂದ ಬಸ್ಸಿನ ಮೇಲೆ ಹಾಕಿಸಿ ತಂದ ಸಪೋಟ ಇನ್ನೂ ಅಂಗಳದಲ್ಲಿ ಕಾಯಿ ಬಿಡುತ್ತದೆ. ಸಪೋಟವೂ ಮೆಕ್ಸಿಕೋ ಕಡೆಯದೇ, ಅದನ್ನು ಗೈಡ್ ಹೇಳುವ ಮೊದಲೇ ಚಿಕ್ಕಪ್ಪ ಊಹಿಸಿದರು.

ತಿಂಡಿ ಹೋಟೆಲಿನಲ್ಲಿ ಸೀಟಿಗಾಗಿ ಕಾದದ್ದು ಮೂರು ಗಂಟೆ ನಡೆದದ್ದಕ್ಕಿಂತ ಸುಸ್ತು ಮಾಡಿತು. ಇಡ್ಲಿ ಬಂದಾಗ ಗುಂಪು ಅರ್ಧ ಕರಗಿತ್ತು.

ಹೋಗಬೇಕು ಅನ್ನುವವರಿಗೆ ಒಂದೆರಡು ಮಾತು. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸು ಫ್ಲವರ್ ಶೋ ಇರುತ್ತದೆ. ಆಗ ಮರ ನೋಡಲಿಕ್ಕೆ ಹೋಗಬೇಡಿ, ಜನರ ತಲೆ ಮಾತ್ರ ಕಾಣುತ್ತದೆ. ಮಳೆ ಬಂದ ಬೆಳಿಗ್ಗೆ ಬಂಡೆ ಜಾರುತ್ತದೆ, ಆದರೆ ಪಟ್ಟೆ ನೋಡಲು ಆಗಲೇ ಚಂದ. ಗುಲಾಬಿ ಟಬೂಬಿಯಾ ಬೇಕಿದ್ದರೆ ಚಳಿಗಾಲ ಕಳೆಯುವ ಹೊತ್ತು, ಗುಲ್‌ಮೊಹರ್ ಬೇಕಿದ್ದರೆ ಏಪ್ರಿಲ್ ಮೇ. ಹೆಸರು ಕೊಡುವಾಗಲೇ ಕನ್ನಡದಲ್ಲೂ ಹೇಳ್ತೀರಾ ಎಂದು ಕೇಳಿಬಿಡಿ, ಹೇಳುವವರು ಇರುತ್ತಾರೆ. ಮನೆಯಲ್ಲಿ ತೋಟ ಮಾಡಿ ಗೊತ್ತಿರುವ ಹಿರಿಯರು ಇದ್ದರೆ ಕರೆದುಕೊಂಡು ಹೋಗಿ. ದುಡ್ಡಿನ ವಿಷಯಕ್ಕೆ ಚಿಕ್ಕಪ್ಪ ಮತ್ತೆ ಬಾಯಿ ಬಿಡಲಿಲ್ಲ. ಊರಿಗೆ ಹೊರಡುವ ಮೊದಲು ಸಿದ್ದಾಪುರದ ನರ್ಸರಿಗೆ ಕರೆದುಕೊಂಡು ಹೋಗು ಅಂದರು, ನಿಂಬೆಯ ಕಸಿ ಗಿಡ ಬೇಕಂತೆ. ಹೋದೆವು. ಅಲ್ಲಿ ರೇಟಿನ ಚೌಕಾಸಿಯೇ ಒಂದು ಗಂಟೆ ನಡೆಯಿತು.